ಅರವತ್ತನೆಯ ದಿನದ ಆಚೆ

ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ತಗಡು ಒತ್ತುವ ಯಂತ್ರದ ಮುಂದೆ ನಿಂತು ಬಂಡೆಪ್ಪನ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯಲ್ಲಿ ಕೂಗಿದರೆ ಕೇಳುವಷ್ಟು ಉಳಿದಿತ್ತು. ನಿವೃತ್ತನಾದ ಮೇಲೆ ಸಂಜೆಯ ಹೊತ್ತು ಅವನು ಕೂಕಟ್‌ಪಲ್ಲಿಯ ತನ್ನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಹೆಂಡತಿ ಶಿವದೇವಿ ಕೆಲಸದಿಂದ ಬಂದು ಕೈಕಾಲು ತೊಳೆದು, ಎರಡು ಲೋಟ ಚಹಾ ತಂದು, ಅವನ ಎಡಗಡೆಗೆ ಸ್ಟೂಲು ಎಳೆದುಕೊಳ್ಳುತ್ತಿದ್ದಳು. ಬೇಕೆಂದೇ ಎಡಗಡೆ. ಹೊರಗೆ ಯಾರಿಗೂ ಹೇಳಬಾರದ ಮಾತುಗಳನ್ನೆಲ್ಲ ಅಲ್ಲಿ ಕೂತು ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು. ಅವನು ಅವಳ ಮುಖ ನೋಡುತ್ತ ಆಗಾಗ ತಲೆಯಾಡಿಸುತ್ತಿದ್ದ. ಪಾಪ, ತನ್ನ ಸಮಾಧಾನಕ್ಕೆ ಆಡಿಸುತ್ತಾನೆ ಎಂದು ಅವಳು ತಿಳಿದಿದ್ದಳು.

ಶಿವದೇವಿಯ ಕೆಲಸವೇ ಹಾಗಿತ್ತು. ಅವಳು ಒಂದು ದತ್ತು ಸಂಸ್ಥೆಯಲ್ಲಿ ಆಪ್ತ ಸಮಾಲೋಚಕಿ. ಹೆರಿಗೆಗೆ ಮೊದಲೇ ‘ಈ ಕೂಸನ್ನು ನಾನು ಸಾಕಲಾರೆ, ಯಾರಿಗಾದರೂ ಕೊಟ್ಟುಬಿಡುತ್ತೇನೆ’ ಎಂದು ಬರುವ ಹೆಂಗಸರನ್ನು ಕೂರಿಸಿಕೊಂಡು ಮಾತಾಡುವುದು ಅವಳ ಪಾಲಿನ ಕೆಲಸ. ಮದುವೆಯಾಗಿ ಲಿಂಗಸೂಗೂರಿನಿಂದ ಹೈದರಾಬಾದಿಗೆ ಬಂದಾಗ ಇಂಥದೊಂದು ಕೆಲಸ ಇದೆ ಎಂದೇ ಅವಳಿಗೆ ಗೊತ್ತಿರಲಿಲ್ಲ. ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬರುವ ಹೆಂಗಸರ ಮಾತು ಸಂಸ್ಥೆಯವರಿಗೆ ಅರ್ಥವಾಗುತ್ತಿರಲಿಲ್ಲ. ಕನ್ನಡ ಬಲ್ಲವರು ಬೇಕೆಂದು ಯಾರೋ ಅವಳನ್ನು ಕರೆದೊಯ್ದರು. ಮೊದಲೆರಡು ವರ್ಷ ಬರೀ ಅವರ ಮಾತನ್ನು ತೆಲುಗಿಗೆ ತಿರುಗಿಸಿ ಹೇಳಿದಳು. ಆಮೇಲೆ ಅಂಚೆ ಮೂಲಕ ಸಮಾಜ ಕಾರ್ಯದ ಪದವಿ ಮುಗಿಸಿ ಸಮಾಲೋಚಕಿಯ ಕುರ್ಚಿಯಲ್ಲಿ ಕೂತಳು. ಹತ್ತೊಂಬತ್ತು ವರ್ಷ ಕೂತಳು.

ಆ ಕುರ್ಚಿಯ ನೇಮ ಕಠಿಣ. ಬಂದ ಹೆಂಗಸು ‘ಕೊಡಲಾ?’ ಎಂದು ಕೇಳಿದರೆ ಹೂಂ ಅನ್ನಬಾರದು, ಊಹೂಂ ಅನ್ನಲೂಬಾರದು. ಸಾಕುವುದಾದರೆ ಯಾವ ನೆರವು ಸಿಗುತ್ತದೆ, ಕೊಡುವುದಾದರೆ ಮುಂದೇನಾಗುತ್ತದೆ, ಎರಡನ್ನೂ ಸಮವಾಗಿ ಮುಂದಿಡಬೇಕು. ಹೆರಿಗೆಯಾಗುವ ತನಕ ಯಾವ ಕಾಗದಕ್ಕೂ ಸಹಿ ಇಲ್ಲ. ಆದ ಮೇಲೆ ಮಕ್ಕಳ ಕಲ್ಯಾಣ ಸಮಿತಿಯ ಎದುರು ತಾಯಿ ಸಹಿ ಹಾಕಬೇಕು. ಅಲ್ಲಿಂದ ಅರವತ್ತು ದಿನ. ಅಷ್ಟರೊಳಗೆ ಮನಸ್ಸು ಬದಲಾದರೆ ಬಂದು ಕೂಸನ್ನು ಕರೆದೊಯ್ಯಬಹುದು. ಅರವತ್ತು ದಾಟಿದರೆ ಕೂಸು ಕಾನೂನಿನ ಪ್ರಕಾರ ದತ್ತಿಗೆ ಮುಕ್ತ. ಮತ್ತೆ ಯಾರೂ ತಾಯಿಗೆ ನೋಟೀಸು ಕೊಡಬೇಕಿಲ್ಲ. ಇದಿಷ್ಟನ್ನೂ ಶಿವದೇವಿ ಮೂರು ಭಾಷೆಗಳಲ್ಲಿ, ಸಾವಿರ ಸಲ ಹೇಳಿದ್ದಳು.

ಪಿಂಕಿ ಬಂದದ್ದು ಮಾರ್ಚ್ ತಿಂಗಳಲ್ಲಿ. ಇಪ್ಪತ್ತೊಂದರ ಹುಡುಗಿ, ಕೊಂಡಾಪುರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೌಂಟರಿನ ಕೆಲಸ. ದೊಗಲೆ ಕುರ್ತಾ, ಎದೆಯ ಮೇಲೆ ಅಡ್ಡ ಹಿಡಿದ ಬ್ಯಾಗು. ಆರು ತಿಂಗಳು ತುಂಬಿತ್ತು. ತೆಲುಗಿನಲ್ಲಿ ಮಾತು ಶುರುಮಾಡಿದಳು. ನಡುವೆ ಅಳು ಬಂದಾಗ ಅವಳ ಬಾಯಿಂದ “ಅವ್ವಾ” ಎಂದು ಬಂತು.

“ನಿಮ್ಮದು ಕನ್ನಡ ಏನವಾ?” ಎಂದಳು ಶಿವದೇವಿ.

ಹುಡುಗಿ ಬೆಚ್ಚಿ ತಲೆಯೆತ್ತಿದಳು. “ಮೇಡಮ್, ನೀವು ನಮ್ಮ ಕಡ್ಯಾರು ಅಂದ್ರ ನಾ ಹೊಂಟೆ. ನಮ್ಮ ಮಂದಿಗೆ ಗೊತ್ತಾಗ್ತೈತಿ.”

“ಕುಂದ್ರು. ನಾ ಲಿಂಗಸೂಗೂರಾಕಿ. ನೀ ಯಾರು ಅನ್ನೂದು ಈ ಖೋಲಿ ದಾಟಿ ಹೋಗಂಗಿಲ್ಲ.”

ಅವರ ಮನೆಯವರು ಸುರಪುರದವರು. ತಂದೆ ಸೂರ್ಯಕಾಂತನದು ಕೂಕಟ್‌ಪಲ್ಲಿಯಲ್ಲೇ ಬಟ್ಟೆ ಅಂಗಡಿ. ತಾಯಿ ಉಮಾಬಾಯಿಯೂ ಅಲ್ಲಿ ಕೂರುತ್ತಾಳೆ. ಕೂಸಿನ ತಂದೆ ಲ್ಯಾಬಿನಲ್ಲೇ ಇದ್ದವನು. ವಿಷಯ ಗೊತ್ತಾದ ವಾರಕ್ಕೆ ಬೇರೆ ಊರಿಗೆ ಬದಲಿ ಮಾಡಿಸಿಕೊಂಡು ಹೋದ. ಫೋನು ಎತ್ತುವುದಿಲ್ಲ. ಇಷ್ಟನ್ನು ಹೇಳಲು ಪಿಂಕಿಗೆ ಮೂರು ಭೇಟಿ ಬೇಕಾಯಿತು.

“ಅವ್ವಗ ಹೇಳಿ ನೋಡ್ತೀಯೇನು? ನಾ ಜೋಡಿ ಬರ್ತೀನಿ,” ಎಂದು ಶಿವದೇವಿ ಕೇಳಿದಳು.

“ನಮ್ಮವ್ವನ? ಆಕಿ ನಮ್ಮ ಓಣ್ಯಾಗ ಒಬ್ಬಾಕಿ ಓಡಿಹೋದ್ರ ಆಕಿ ತಾಯಿ ಜೋಡಿ ಮಾತ ಬಿಟ್ಟಾಕಿ. ಆಂಟಿ, ಒಂದ ವಚನ ಕೊಡ್ರಿ. ಏನ ಆದ್ರೂ ನಮ್ಮ ಮನೀಗೆ ಹೇಳಂಗಿಲ್ಲ ಅಂತ. ನಾ ಸತ್ತರೂ ಸೈತ.”

“ಸಾಯೂ ಮಾತು ಬ್ಯಾಡ.”

“ವಚನ ಕೊಡ್ರಿ ಮೊದಲ.”

ಶಿವದೇವಿ ಕೊಟ್ಟಳು. ಕೆಲಸದ ನೇಮವೂ ಅದೇ ಆಗಿತ್ತು. ಬಂದವಳ ಗುಟ್ಟು ಬಂದವಳದೇ. ಹಾಗಾಗಿ ಕೊಡುವಾಗ ಅವಳಿಗೆ ಏನೂ ಅನ್ನಿಸಲಿಲ್ಲ. ದಿನಕ್ಕೆ ಇಬ್ಬರಿಗೆ ಕೊಡುತ್ತಿದ್ದ ವಚನ ಅದು.

ಏಪ್ರಿಲಿನಲ್ಲಿ ಪಿಂಕಿ ಮನೆಯಲ್ಲಿ ‘ಲ್ಯಾಬಿನವರು ವಿಜಯವಾಡದ ಶಾಖೆಗೆ ಕಳಿಸುತ್ತಿದ್ದಾರೆ’ ಎಂದು ಹೇಳಿ ಸಂಸ್ಥೆಯ ವಸತಿಗೆ ಬಂದು ಸೇರಿದಳು. ದಿನವೂ ಸಂಜೆ ಗೋಡೆಗೆ ಒರಗಿ, ಫೋನನ್ನು ಮುಖಕ್ಕೆ ಹತ್ತಿರ ಹಿಡಿದು, ತಾಯಿಯ ಜೊತೆ ವಿಡಿಯೊದಲ್ಲಿ ಮಾತಾಡುತ್ತಿದ್ದಳು. ಮುಖ ಊದಿದೆ ಎಂದು ತಾಯಿ ಅಂದರೆ ಅಲ್ಲಿಯ ಊಟಕ್ಕೆ ಎನ್ನುತ್ತಿದ್ದಳು. ವಾರಕ್ಕೆರಡು ಸಲ ಶಿವದೇವಿಯ ಎದುರು ಕೂರುತ್ತಿದ್ದಳು. ಒಂದು ದಿನ ಕೊಡುವುದೇ ಖರೆ ಎನ್ನುವಳು, ಇನ್ನೊಂದು ದಿನ ಒಬ್ಬಳೇ ಖೋಲಿ ಮಾಡಿಕೊಂಡು ಸಾಕಿದರೆ ಹೇಗೆ ಎಂದು ಕೇಳುವಳು. ಕೂಸಿನ ದಾಖಲೆಗೆಂದು ತಾಯಿಯ ಮನೆತನದ ಕಾಯಿಲೆಗಳನ್ನು ಬರೆಸುವ ಒಂದು ಫಾರಂ ಇತ್ತು. ಬಿಪಿ, ಶುಗರ್ ಯಾವುದೂ ಇಲ್ಲ ಎಂದಳು. ಆಮೇಲೆ ಬಹಳ ಹೊತ್ತು ಯೋಚಿಸಿ, “ನಮ್ಮ ಮನ್ಯಾಗ ಹೆಣ್ಮಕ್ಕಳಿಗೆ ಅಂಗೈ ಬೆವರ್ತಾವ. ಅದು ಬ್ಯಾನಿ ಅಲ್ಲ ಅಂತ ಬರೀರಿ. ಇಲ್ಲಂದ್ರ ಸಾಕಾಕ ಒಯ್ದವರು ಸುಮ್ಮ ದವಾಖಾನಿಗೆ ಅಡ್ಡಾಡ್ತಾರ,” ಎಂದಳು. ಶಿವದೇವಿ ಬರೆದುಕೊಂಡಳು. ಅಂಥದನ್ನು ಬರೆಯಲು ಫಾರಮಿನಲ್ಲಿ ಜಾಗವಿರಲಿಲ್ಲ, ಅಂಚಿನಲ್ಲಿ ಬರೆದಳು.

ಜೂನ್ ಮೊದಲ ವಾರದಲ್ಲಿ ಹೆಣ್ಣು ಕೂಸು ಹುಟ್ಟಿತು. ಪಿಂಕಿ ನಾಲ್ಕು ದಿನ ಹಾಲು ಕುಡಿಸಿದಳು. ಹನ್ನೊಂದನೆಯ ತಾರೀಖು ಮಂಗಳವಾರ ಸಮಿತಿಯ ಎದುರು ಕೂತು ಸಹಿ ಹಾಕಿದಳು. ಕೆಳಗೆ ಸಾಕ್ಷಿಯ ಜಾಗದಲ್ಲಿ ಶಿವದೇವಿಯ ಸಹಿ. ಅರವತ್ತು ದಿನ ಎಂದರೆ ಆಗಸ್ಟ್ ಹತ್ತು ಎಂದು ಅವಳು ಪಿಂಕಿಯ ಕೈಗೇ ಕ್ಯಾಲೆಂಡರು ಕೊಟ್ಟು ಎಣಿಕೆ ಮಾಡಿಸಿದಳು.

“ನಡುವ ನಾ ಎರಡ ಸಲ ಫೋನ್ ಮಾಡ್ತೀನಿ. ಕಾನೂನಿನಾಗ ಇಲ್ಲ, ಆದ್ರ ನನ್ನ ರೂಢಿ. ಬ್ಯಾರೆ ಯಾರರ ಎತ್ತಿದ್ರ?”

“ಕಂಪ್ಯೂಟರ್ ಕ್ಲಾಸಿನಾಕಿ ಅನ್ರಿ,” ಎಂದಳು ಪಿಂಕಿ. ವಿಜಯವಾಡದ ಕೆಲಸ ಮುಗಿಯಿತೆಂದು ಹೇಳಿ ಅವಳು ಮನೆಗೆ ಹಿಂದಿರುಗಿದಳು.

ನಲವತ್ತನೆಯ ದಿನ ಪಿಂಕಿಯೇ ಫೋನು ಎತ್ತಿದಳು. ಬಚ್ಚಲಿನಲ್ಲಿ ನಿಂತು ಮಾತಾಡುತ್ತಿದ್ದಳೋ ಏನೋ, ಹಿಂದೆ ನೀರು ಬಿಟ್ಟ ಸದ್ದು.

“ಹೆಂಗದಾಳ ಆಂಟಿ?”

“ಆರಾಮ ಅದಾಳ. ತೂಕ ಏರೇತಿ.”

“ನಗತಾಳೇನು?”

ನಗುತ್ತಾಳೆ ಎಂದರೆ ಅದೂ ಒಂದು ಕಡೆಗೆ ನೂಕಿದಂತೆ ಎಂದು ಶಿವದೇವಿಗೆ ಅನ್ನಿಸಿತು. “ನೋಡ್ಬೇಕಂದ್ರ ಬರಬಹುದು. ಇನ್ನೂ ಇಪ್ಪತ್ತ ದಿನ ಅದಾವ.”

“ನನಗ ತಿಳೀವಲ್ದು. ಇಲ್ಲಿ ಗಂಡು ನೋಡಾಕತ್ತಾರ. ನಾ ಏನ ಮಾಡ್ಲಿ, ನೀವ ಒಂದ ಹೇಳಿಬಿಡ್ರಿ ಆಂಟಿ. ನೀವು ಬಾ ಅಂದ್ರ ಬರ್ತೀನಿ.”

ಹತ್ತೊಂಬತ್ತು ವರ್ಷದ ರೂಢಿ ಶಿವದೇವಿಯ ನಾಲಗೆಯ ಮೇಲೆ ಕೂತಿತ್ತು. “ಅದನ್ನ ನೀನ ಹೇಳ್ಬೇಕವಾ. ನಾ ಹೇಳಬಾರದು,” ಎಂದಳು. ಆಚೆ ನೀರಿನ ಸದ್ದು ನಿಂತಿತು, ಫೋನೂ ನಿಂತಿತು.

ಐವತ್ತೆರಡನೆಯ ದಿನ ಮತ್ತೆ ಮಾಡಿದಳು. ಎತ್ತಿದ್ದು ಬೇರೆ ದನಿ.

“ಯಾರ್ರೀ?”

ಶಿವದೇವಿ ತೆಲುಗಿಗೆ ಹೊರಳಿ, ಕಂಪ್ಯೂಟರ್ ಕ್ಲಾಸಿನಿಂದ ಮಾತಾಡುತ್ತಿರುವುದಾಗಿ ಹೇಳಿದಳು.

ಉಮಾಬಾಯಿಯೂ ತೆಲುಗಿನಲ್ಲೇ ಉತ್ತರಿಸಿದಳು. ಹುಡುಗಿಗೆ ಸಂಬಂಧ ಕೂಡಿಬಂದಿದೆ, ಫೋನು ಈಗ ತನ್ನ ಹತ್ತಿರವೇ ಇರುತ್ತದೆ, ಅವಳು ಸುರಪುರದಲ್ಲಿ ಸೋದರತ್ತೆಯ ಮನೆಯಲ್ಲಿದ್ದಾಳೆ, ಏನಿದ್ದರೂ ತನಗೇ ಹೇಳಬೇಕು. ಶಿವದೇವಿ ಏನಿಲ್ಲ ಎಂದು ಫೋನು ಇಟ್ಟಳು.

ಸಂಸ್ಥೆಯ ಮುಖ್ಯಸ್ಥೆ ಕಮಲಾಕ್ಷಿ ಮೈಸೂರು ಕಡೆಯವರು. ತಂದೆ ಇಲ್ಲಿ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಇದ್ದುದರಿಂದ ಹೈದರಾಬಾದಿನಲ್ಲೇ ಬೆಳೆದವರು. ಶಿವದೇವಿ ಅವರ ಮೇಜಿನ ಮುಂದೆ ನಿಂತು ಎಲ್ಲ ಹೇಳಿ, “ಮನೆಗೆ ಹೋಗಿ ನೋಡ್ಲೇನ್ರಿ ಮೇಡಮ್?” ಎಂದಳು.

ಕಮಲಾಕ್ಷಿ ಕನ್ನಡಕ ತೆಗೆದಿಟ್ಟರು. “ಹೋಗಿ ಏನಂತ ಹೇಳ್ತೀರಿ ಶಿವದೇವಿ? ನಾಳೆ ಆ ಹುಡುಗಿಗೆ ಏನಾದ್ರೂ ಆದ್ರೆ? ಮನೆಗೆ ತಿಳಿಸೋದು ಬೇಡ ಅಂತ ಅವಳೇ ಬರೆದುಕೊಟ್ಟಿದಾಳೆ. ನಮಗೆ ದಾರಿ ಇಲ್ಲ.”

ಅದು ತಪ್ಪು ಮಾತಾಗಿರಲಿಲ್ಲ. ಹೀಗೆ ಮನೆಯಲ್ಲಿ ಗೊತ್ತಾಗಿ ಬಾವಿಗೆ ಬಿದ್ದ ಹುಡುಗಿಯೊಬ್ಬಳ ಹೆಣವನ್ನು ಗುರುತಿಸಲು ಏಳು ವರ್ಷದ ಹಿಂದೆ ಶಿವದೇವಿಯೇ ಹೋಗಿದ್ದಳು. ಆದರೂ ಐವತ್ತೇಳನೆಯ ದಿನ, ಬುಧವಾರ, ಊಟದ ಬಿಡುವಿನಲ್ಲಿ ಅವಳ ಕಾಲು ಬಟ್ಟೆ ಅಂಗಡಿಯ ಕಡೆ ನಡೆಯಿತು. ಏನು ಮಾಡಬೇಕೆಂದು ಹೋದಳೋ ಅವಳಿಗೇ ಗೊತ್ತಿರಲಿಲ್ಲ. ಪಿಂಕಿ ಏನಾದರೂ ಊರಿಂದ ಬಂದಿದ್ದರೆ, ಕಣ್ಣಿಗೆ ಬಿದ್ದರೆ ಎಂಬ ಒಂದು ಆಸೆ.

ಗಲ್ಲಾದ ಹಿಂದೆ ಉಮಾಬಾಯಿ ಒಬ್ಬಳೇ ಕೂತಿದ್ದಳು. ದುಂಡು ಮುಖ, ಹಣೆಯಲ್ಲಿ ವಿಭೂತಿ. ಶಿವದೇವಿ ಜಂಪರಿನ ಬಟ್ಟೆ ಕೇಳಿದಳು. ತೆಲುಗಿನಲ್ಲಿ ಕೇಳಿದರೂ ದನಿಯ ಎಳೆತ ಹಿಡಿದು ಉಮಾಬಾಯಿ, “ನಮ್ಮ ಕಡ್ಯಾರ ಏನ್ರಿ ಅಕ್ಕಾರ?” ಎಂದಳು.

“ಲಿಂಗಸೂಗೂರು.”

“ಅಯ್ಯ, ಮಗ್ಗಲದಾರ ಆದ್ರಿ! ಕುಂದ್ರ್ರಿ, ಕುಂದ್ರ್ರಿ.” ಒಲ್ಲೆ ಎಂದರೂ ಬಿಡದೆ ಎದುರು ಅಂಗಡಿಯಿಂದ ಚಹಾ ತರಿಸಿದಳು. ಈ ಊರಲ್ಲಿ ನಮ್ಮ ಮಾತಿನವರು ಸಿಗುವುದೇ ಅಪರೂಪ ಎಂದಳು. ಮಗಳ ನಿಶ್ಚಯ ಸೋಮವಾರ, ಸುರಪುರದಲ್ಲಿ, ತಾನೂ ನಾಳೆ ಮುಂಜಾನೆಯ ಬಸ್ಸಿಗೆ ಹೊರಡುತ್ತೇನೆ ಎಂದಳು. ಸೀರೆ ತೋರಿಸಿದಳು, ನವಿಲು ಬಣ್ಣದ್ದು.

“ಮಗಳು ಖುಷಿ ಅದಾಳೇನ್ರಿ?” ಎಂದು ಶಿವದೇವಿ ಕೇಳಿಬಿಟ್ಟಳು.

ಉಮಾಬಾಯಿ ಸೀರೆ ಮಡಿಸುವುದನ್ನು ನಿಲ್ಲಿಸಿದಳು. “ಏನ್ ಹೇಳ್ಲಿ ಅಕ್ಕಾರ. ವಿಜಯವಾಡಕ್ಕ ಹೋಗಿ ಬಂದಾಗಿಂದ ಹುಡುಗಿ ಹುಡುಗಿ ಆಗಿ ಉಳಿದಿಲ್ಲ. ಉಣ್ಣಂಗಿಲ್ಲ. ಕೇಳಿದ್ರ ಮಾರಿ ಆ ಕಡಿ ಮಾಡ್ತಾಳ. ನಾ ಹೆತ್ತಾಕಿ, ನನಗ ತಿಳಿವಲ್ದು ಅಂದ್ರ ಇನ್ಯಾರಿಗೆ ತಿಳೀಬೇಕು?”

ಆ ಗಳಿಗೆಯಲ್ಲಿ ಅಂಗಡಿಯಲ್ಲಿ ಬೇರೆ ಗಿರಾಕಿ ಇರಲಿಲ್ಲ. ಸೂರ್ಯಕಾಂತನೂ ಇರಲಿಲ್ಲ. ಶಿವದೇವಿಯ ಬಾಯಿಯಲ್ಲಿ ಮಾತು ಬಂದು ನಿಂತಿತು. ಬಾವಿಯಿಂದ ಎತ್ತಿದ ಆ ಇನ್ನೊಬ್ಬ ಹುಡುಗಿಯ ಮುಖ ಕಣ್ಣಿಗೆ ಬಂತು. ಪಿಂಕಿಗೆ ಕೊಟ್ಟ ವಚನ ನೆನಪಿಗೆ ಬಂತು. ಅವಳು ಚಹಾದ ಕಪ್ಪು ಕೆಳಗಿಟ್ಟು, ಹೊತ್ತಾಯಿತು ಎಂದು ಎದ್ದಳು. ಉಮಾಬಾಯಿ ಮೆಟ್ಟಿಲ ತನಕ ಬಂದು ಕಳಿಸಿಕೊಟ್ಟಳು.

ಅಂದು ಸಂಜೆ ಅವಳು ಬಂಡೆಪ್ಪನ ಎಡಗಡೆ ಕೂತು ಎಲ್ಲ ಹೇಳಿಕೊಂಡಳು. ಹೇಳಿ ಮುಗಿಸಿದ ಮೇಲೆ ಬಂಡೆಪ್ಪ ಲೋಟ ಬಾಗಿಲ ಬಳಿ ಇಟ್ಟು, “ನಾಳೆ ಹೋಗಿ ಆಕಿ ತಾಯಿಗೆ ಹೇಳಿಬಿಡು,” ಎಂದ.

ಶಿವದೇವಿ ಅವನ ಕಡೆ ತಿರುಗಿದಳು. “ನಿಮಗ ಕೇಳಿಸ್ತೇನು?”

“ಕೇಳಂಗಿಲ್ಲ. ಮಷೀನ್ ಸಪ್ಪಳದಾಗ ಮೂವತ್ತ ವರ್ಷ ಮಂದಿ ತುಟಿ ನೋಡೇ ಮಾತು ತಿಳಕೊಂಡೀನಿ. ನಿನ್ನ ತುಟಿ ತಿಳಿಯಂಗಿಲ್ಲೇನು?”

“ಯಾವಾಗಿಂದ?”

“ಮೊದಲಿಂದ.” ಅವನು ಆಚೆ ನೋಡಿದ. “ನಾ ಯಾರಿಗೂ ಹೇಳಿಲ್ಲ. ನನಗ ಹೇಳಂಗಿಲ್ಲ ಅಂದ್ರ ನೀ ಅದನ್ನೆಲ್ಲ ಎಲ್ಲಿ ಹೊತಗೊಂಡ ಹೋಗಾಕಿ ಅಂತ ಸುಮ್ಮನಿದ್ದೆ.”

ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಸ್ಸು ಹತ್ತುವ ಮೊದಲು ಉಮಾಬಾಯಿ ಸಿಕ್ಕಾಳು ಎಂದು ಮರುದಿನ ಅಂಗಡಿ ತೆರೆಯುವ ಹೊತ್ತಿಗೇ ಹೋಗಿ ನಿಂತಳು. ಗಲ್ಲಾದಲ್ಲಿ ಸೂರ್ಯಕಾಂತ ಕೂತಿದ್ದ. ಉಮಾಬಾಯಿ ಬೆಳಗಿನ ಬಸ್ಸಿಗೆ ಹೋಗಿಯಾಗಿತ್ತು. “ಏನ್ ಬೇಕ್ರಿ ಅಕ್ಕಾರ?” ಎಂದು ಅವನು ನಗುತ್ತ ಕೇಳಿದ. ಆ ಮನುಷ್ಯನಿಗೆ ಇದನ್ನು ಹೇಳುವ ಧೈರ್ಯ ಅವಳಿಗೆ ಇರಲಿಲ್ಲ. ತಿರುಗಿ ಬಂದಳು.

ಐವತ್ತೊಂಬತ್ತನೆಯ ದಿನ, ಶುಕ್ರವಾರ, ಅವಳು ಪಿಂಕಿಯ ನಂಬರಿಗೆ ಫೋನು ಮಾಡಿದಳು. ಅದು ಉಮಾಬಾಯಿಯ ಕೈಯಲ್ಲಿದೆ ಎಂದು ಗೊತ್ತಿದ್ದೇ ಮಾಡಿದಳು. ಆಚೆ ಹೆಂಗಸರ ನಗು, ಪಾತ್ರೆಗಳ ಸದ್ದು, ಯಾರೋ ಸಣ್ಣ ಕೂಸನ್ನು ರಮಿಸುತ್ತಿದ್ದರು.

“ಹಲೋ, ಯಾರ್ರೀ? ಜೋರ ಮಾತಾಡ್ರಿ, ಇಲ್ಲಿ ಮಂದಿ ಕೂಡೇತಿ.”

ಶಿವದೇವಿ ಬಾಯಿ ತೆರೆದಳು. ಜೋರಾಗಿ ಹೇಳುವ ಮಾತಲ್ಲ ಅದು. “ಆಮ್ಯಾಲ ಮಾಡ್ತೀನ್ರಿ,” ಎಂದು ಇಟ್ಟಳು. ಆಮೇಲೆ ಮಾಡಲಿಲ್ಲ. ಮರುದಿನ ಶನಿವಾರ ಇಡೀ ದಿನ ಸಂಸ್ಥೆಯ ಬಾಗಿಲು ನೋಡುತ್ತ ಕೂತಳು. ಯಾರೂ ಬರಲಿಲ್ಲ. ಸೋಮವಾರ ಸಮಿತಿಯವರು ಕೂಸನ್ನು ದತ್ತಿಗೆ ಮುಕ್ತ ಎಂದು ಆದೇಶ ಹೊರಡಿಸಿದರು.

ಬುಧವಾರ ಮಧ್ಯಾಹ್ನ ಪಿಂಕಿ ಬಂದಳು. ಜೊತೆಗೆ ಉಮಾಬಾಯಿ.

ಅವರಿಬ್ಬರನ್ನೂ ಒಟ್ಟಿಗೆ ಬಾಗಿಲಲ್ಲಿ ಕಂಡಾಗ ಶಿವದೇವಿ ಎದ್ದು ನಿಂತಳು. ಪಿಂಕಿಯ ಕೆನ್ನೆಯ ಮೇಲೆ ಹಸಿರುಗಟ್ಟಿದ ಬಾಸುಂಡೆ ಇತ್ತು. ಉಮಾಬಾಯಿಯ ಕೈಯಲ್ಲಿ ಒಂದು ಬಟ್ಟೆಯ ಚೀಲ, ಅದರ ಬಾಯಿಂದ ಎಳೆಗೂಸಿನ ಕುಲಾವಿಯೊಂದು ಕಾಣುತ್ತಿತ್ತು.

ನಡೆದದ್ದು ಇಷ್ಟು. ಗಡುವು ಮುಗಿದರೆ ಮನಸ್ಸು ತಾನೇ ನಿಲ್ಲುತ್ತದೆ ಎಂದು ಪಿಂಕಿ ದಿನ ಎಣಿಸುತ್ತಿದ್ದಳು. ಹತ್ತನೆಯ ತಾರೀಖು ಕಳೆಯಿತು. ನಿಶ್ಚಯದ ಹಿಂದಿನ ದಿನ, ಹನ್ನೊಂದರಂದು ಮುಂಜಾನೆ, ಬಳೆ ಇಡಿಸಲು ಹೆಂಗಸರು ಕೈ ಹಿಡಿದಾಗ, ಅವಳು ಕಿರುಚಿ ನೆಲಕ್ಕೆ ಬಿದ್ದಳು. ತಾಯಿ ಒಳಗೆ ಎಳೆದೊಯ್ದು ಬಾಗಿಲು ಹಾಕಿದಳು. ಎಲ್ಲ ಹೊರಬಿತ್ತು. ಉಮಾಬಾಯಿ ಮಗಳನ್ನು ಹೊಡೆದಳು. ಹೊಡೆದು ಹೊಡೆದು ಕೈ ಸೋತ ಮೇಲೆ ಅವಳನ್ನೇ ಅಪ್ಪಿಕೊಂಡು ಅತ್ತಳು. ಹುಡುಗಿಗೆ ಕಾಮಾಲೆ ಎಂದು ಬೀಗರಿಗೆ ಹೇಳಿ ನಿಶ್ಚಯ ಮುಂದೂಡಿದಳು. ಗಂಡನಿಗೆ ಇನ್ನೂ ತಿಳಿಸಿರಲಿಲ್ಲ.

“ಕೂಸಿನ್ನ ಒಯ್ಯಾಕ ಬಂದೀವ್ರಿ,” ಎಂದಳು ಉಮಾಬಾಯಿ. ಆಮೇಲೆ ಶಿವದೇವಿಯ ಮುಖವನ್ನು ದಿಟ್ಟಿಸಿದಳು. ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು.

“ನೀವು… ಲಿಂಗಸೂಗೂರಾಕಿ.”

ಶಿವದೇವಿ ಹೂಂ ಎಂದಳು.

“ನನ್ನ ಅಂಗಡ್ಯಾಗ ಕುಂತು ಚಾ ಕುಡದ್ರಿ.” ಉಮಾಬಾಯಿಯ ದನಿ ಏರಲಿಲ್ಲ. “ಮಗಳು ಖುಷಿ ಅದಾಳೇನು ಅಂತ ಕೇಳಿದ್ರಿ. ಅವತ್ತು ಇನ್ನ ದಿನ ಇದ್ದುವೇನು?”

“ಮೂರ ದಿನ ಇದ್ದುವ್ರಿ.”

“ಒಂದ ಮಾತು. ಒಂದ ಮಾತು ಹೇಳಬಾರದಿತ್ತೇನು ನಿಮಗ? ನಾ ಆಕಿನ್ನ ಕೊಲ್ತೀನಿ ಅಂದ್ಕೊಂಡ್ರಿ? ನಾ ಅಷ್ಟು ರಾಕ್ಷಸಿ ಕಂಡ್ನೇನು?”

“ಅವ್ವ, ನಾನ ವಚನ ಇಸಕೊಂಡಿದ್ದೆ,” ಎಂದು ಪಿಂಕಿ ನಡುವೆ ಬಂದಳು.

“ನೀ ಸುಮ್ಮನಿರು. ನೀ ಹುಡುಗಿ. ಈಕಿ ತಲಿ ನೆರತಾಕಿ.”

ಕೂಸು ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿತ್ತು. ಆಯಾ ಹಾಡುತ್ತಿದ್ದುದು ಕೆಳಗೆ ಕೇಳುತ್ತಿತ್ತು. ಆದೇಶವಾದ ಮೇಲೆ ಹೆತ್ತವರಿಗೆ ತೋರಿಸುವಂತಿಲ್ಲ. ಕಮಲಾಕ್ಷಿ ಬಂದು, ಉಮಾಬಾಯಿಯ ಕೈ ಹಿಡಿದುಕೊಂಡು, ಇದನ್ನೇ ಮತ್ತೆ ಮತ್ತೆ ಹೇಳಿದರು. ಅವರ ಕಣ್ಣಲ್ಲೂ ನೀರಿತ್ತು.

ಶಿವದೇವಿ ಅವರಿಬ್ಬರನ್ನು ತಾನೇ ಸಮಿತಿಯ ಕಚೇರಿಗೆ ಕರೆದೊಯ್ದು ಅರ್ಜಿ ಬರೆಸಿದಳು. ಒಂದು ವಾರದ ಮೇಲೆ ವಿಚಾರಣೆ. ಅಧ್ಯಕ್ಷರು ಹಳೆಯ ಕಾಗದ ತೆಗೆಸಿ, ಸಾಕ್ಷಿ ಹಾಕಿದವರು ನೀವೇ ತಾನೆ ಎಂದು ಶಿವದೇವಿಯನ್ನು ಕೇಳಿದರು. ಹೌದು. ಅರವತ್ತು ದಿನದ ವಿಷಯ ತಾಯಿಗೆ ತಿಳಿಸಿದ್ದಿರಾ? ತಿಳಿಸಿದ್ದೆ. ಒತ್ತಾಯವೇನಾದರೂ ಇತ್ತೇ? ಇರಲಿಲ್ಲ. ಶಿವದೇವಿ ಕೊಟ್ಟ ಒಂದೊಂದು ನಿಜವಾದ ಉತ್ತರವೂ ಪಿಂಕಿಯ ಅರ್ಜಿಯ ಮೇಲೆ ಒಂದೊಂದು ಕಲ್ಲಾಗಿ ಬಿತ್ತು. ಕೊನೆಗೆ ಅವಳು ಯಾರೂ ಕೇಳದೆ, “ಸರ್, ತಾಯಿಯ ತಾಯಿ ಎದುರಿಗೇ ಇದ್ದರು, ನಾನು ಹೇಳದೆ ಬಂದೆ. ತಪ್ಪು ನನ್ನದು,” ಎಂದು ತೆಲುಗಿನಲ್ಲಿ ಅಂದಳು. ಹೇಳದೇ ಇದ್ದದ್ದೇ ಸರಿ, ಹೇಳಿದ್ದರೆ ನೇಮ ಮುರಿದಂತಾಗುತ್ತಿತ್ತು ಎಂದು ಅಧ್ಯಕ್ಷರು ಅದನ್ನು ಬರೆಸಿಕೊಳ್ಳಲೂ ಇಲ್ಲ. ಅರ್ಜಿ ನಿಲ್ಲಲಿಲ್ಲ.

ಮೇಲೆ ಹೋಗುವ ದಾರಿ ಇತ್ತು. ವಕೀಲರನ್ನು ಹಿಡಿಯಬೇಕು, ಹೆಸರು ವಿಳಾಸ ಕೊಡಬೇಕು, ಸೂರ್ಯಕಾಂತನಿಗೆ ತಿಳಿಯಬೇಕು. ಉಮಾಬಾಯಿ ಅದಕ್ಕೂ ಸಿದ್ಧಳಿದ್ದಳು. ಕಚೇರಿಯ ಮೆಟ್ಟಿಲ ಮೇಲೆ ಪಿಂಕಿ ಕೂತುಬಿಟ್ಟಳು.

“ಸಾಕವ್ವ. ಇನ್ನ ನನ್ನ ಕೈಲೆ ಆಗಂಗಿಲ್ಲ.”

“ಹಂಗಂದ್ರ ಹೆಂಗ? ನಮ್ಮ ಕೂಸು ಅಲ್ಲೇನು ಅದು?”

“ಅಲ್ಲ,” ಎಂದಳು ಪಿಂಕಿ. “ಬರಕೊಟ್ಟೀನಲ್ಲ.”

ಅದಾದ ಮೇಲೆ ಉಮಾಬಾಯಿ ನಾಲ್ಕಾರು ಸೋಮವಾರ ಒಬ್ಬಳೇ ಬಂದು ಸಂಸ್ಥೆಯ ಎದುರಿನ ಹಣ್ಣಿನ ಅಂಗಡಿಯ ನೆರಳಿನಲ್ಲಿ ನಿಲ್ಲುತ್ತಿದ್ದಳು. ಒಳಗೆ ಬರುತ್ತಿರಲಿಲ್ಲ. ಮೇಲಿನ ಮಹಡಿಯ ಕಿಟಕಿಯ ತಂತಿಗೆ ಒಣಹಾಕಿದ ಪುಟ್ಟ ಬಟ್ಟೆಗಳನ್ನು ನೋಡುತ್ತ ಅರ್ಧ ಗಂಟೆ ನಿಂತು ಹೋಗುತ್ತಿದ್ದಳು. ಮೊದಲ ಸಲ ಶಿವದೇವಿ ಕೆಳಗಿಳಿದು ಹೋಗಿ ನೀರು ಕೊಟ್ಟಳು. ಉಮಾಬಾಯಿ ಲೋಟ ಮುಟ್ಟಲಿಲ್ಲ, ಬೈಯಲೂ ಇಲ್ಲ. ಅವಳು ಬೈದಿದ್ದರೆ ಚೆನ್ನಾಗಿತ್ತು ಎಂದು ಶಿವದೇವಿ ಆ ಸಂಜೆ ಗಂಡನಿಗೆ ಹೇಳಿದಳು. ಈಗ ಅವಳು ಎದುರಿಗೇ ಕೂತು ಹೇಳುತ್ತಿದ್ದಳು.

ಡಿಸೆಂಬರಿನಲ್ಲಿ ಬೇರೆ ರಾಜ್ಯದಿಂದ ಗಂಡಹೆಂಡತಿ ಬಂದರು. ಒಂಬತ್ತು ವರ್ಷ ಕಾದವರು. ಅವರಿಗೆ ತಿಳಿವಳಿಕೆ ಹೇಳುವ ಕೆಲಸವೂ ಶಿವದೇವಿಯದೇ. ಒಳ್ಳೆಯ ಜನ. ಕೂಸನ್ನು ಎತ್ತಿಕೊಳ್ಳುವ ಮೊದಲು ಆ ಗಂಡಸು ಎರಡು ಸಲ ಕೈ ತೊಳೆದುಕೊಂಡ. ಕೂಸು ಅವನ ಕನ್ನಡಕ ಹಿಡಿದೆಳೆದು ನಕ್ಕಿತು. ಅವರು ಕೆಟ್ಟವರಾಗಿದ್ದರೆ ಹಿಡಿದುಕೊಂಡು ಜಗಳವಾಡಲು ಏನಾದರೂ ಸಿಗುತ್ತಿತ್ತು. ಹೆಂಗಸು ಹಿಂದಿಯಲ್ಲಿ ಕೇಳಿದಳು, ದೊಡ್ಡವಳಾದ ಮೇಲೆ ಇವಳು ಕೇಳಿದರೆ ಏನು ಹೇಳಲಿ, ಹೆತ್ತವಳು ಯಾಕೆ ಬಿಟ್ಟಳು ಎಂದು? ಹೆತ್ತವಳಿಗೆ ಸಾಕುವ ಪರಿಸ್ಥಿತಿ ಇರಲಿಲ್ಲ, ನಿನ್ನ ಒಳಿತಿಗೆ ಬಿಟ್ಟಳು ಎಂದು ಹೇಳಿ, ಎಂದಳು ಶಿವದೇವಿ. ಎಲ್ಲರಿಗೂ ಹೇಳುವ ವಾಕ್ಯ ಅದು.

ಕೆಲಸ ಬಿಡುತ್ತೇನೆ ಎಂದು ಅವಳು ಜನವರಿಯಲ್ಲಿ ಬರೆದುಕೊಟ್ಟಳು. ಬೇರೆಯವರು ಸಿಗುವ ತನಕ ಇರಿ ಎಂದರು ಕಮಲಾಕ್ಷಿ. ಯಾರೂ ಸಿಗಲಿಲ್ಲ. ಅವಳು ಇದ್ದಳು. ಬಂದವರನ್ನು ಕೂರಿಸಿಕೊಂಡಳು, ಹೇಳಬೇಕಾದ್ದನ್ನೆಲ್ಲ ಹೇಳಿದಳು. ಆದರೆ ವಚನ ಕೊಡಿ ಎಂದು ಯಾರಾದರೂ ಕೈ ಚಾಚಿದರೆ ಮೊದಲಿನಂತೆ ತಟ್ಟನೆ ಕೊಡಲು ಆಗುತ್ತಿರಲಿಲ್ಲ. ಕೊಡದೆ ಇರಲೂ ಆಗುತ್ತಿರಲಿಲ್ಲ. ಕೊಟ್ಟ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಆ ವರ್ಷದ ದೀಪಾವಳಿ ಕಳೆದು ಪಿಂಕಿ ಬಂದಳು, ಒಬ್ಬಳೇ. ಕೊರಳಲ್ಲಿ ತಾಳಿ, ಕಾಲಲ್ಲಿ ಕಾಲುಂಗುರ. ಸೊಲ್ಲಾಪುರದ ಕಡೆ ಕೊಟ್ಟಿದ್ದಾರೆ, ಗಂಡನ ಮೊದಲ ಹೆಂಡತಿ ತೀರಿಕೊಂಡಿದ್ದಾಳೆ, ಐದು ವರ್ಷದ ಒಬ್ಬಳು ಮಗಳಿದ್ದಾಳೆ ಎಂದಳು. ಆ ಹುಡುಗಿ ತನ್ನನ್ನು ಅವ್ವ ಎನ್ನುತ್ತಾಳೆ ಎಂದು ಹೇಳುವಾಗ ದನಿಯಲ್ಲಿ ಏನೂ ಇರಲಿಲ್ಲ.

“ಅಪ್ಪಗ ಗೊತ್ತಿಲ್ಲ. ಅವ್ವ ಅಂಗಡಿಗೆ ಹೋಗೂದ ಬಿಟ್ಟಾಳ,” ಎಂದಳು. “ಒಂದ ಕೆಲಸ ಇತ್ತು ಆಂಟಿ. ಆ ಕಾಗದದಾಗ ಒಂದ ಸಾಲು ಇತ್ತಲ್ರಿ, ಕೂಸು ದೊಡ್ಡಾಕಿ ಆಗಿ ನನ್ನ ಹುಡುಕಿದ್ರ ನಾ ಸಿಗ್ತೀನಿ ಅಂತ. ನಾ ಹೂಂ ಅಂತ ಬರದಿದ್ದೆ.”

“ಹೌದು.”

“ಅದನ್ನ ತೆಗೀಬೇಕು. ಇಲ್ಲ ಅಂತ ಮಾಡ್ರಿ.”

ಶಿವದೇವಿ ತೆಗೆದ ಪೆನ್ನನ್ನು ಕೆಳಗಿಟ್ಟಳು. ಬೇರೆ ಯಾರೇ ಆಗಿದ್ದರೂ ಹೂಂ ಎಂದೂ ಅನ್ನಬಾರದು, ಊಹೂಂ ಎಂದೂ ಅನ್ನಬಾರದು. ಈ ಸಲ ಅವಳು ಅಂದಳು.

“ಬ್ಯಾಡವಾ ಪಿಂಕಿ. ಆಕಿ ದೊಡ್ಡಾಕಿ ಆಗಾಕ ಇನ್ನೂ ಹದಿನೇಳ ವರ್ಷ ಐತಿ. ಆ ಸಾಲು ಹಂಗ ಇರಲಿ. ನಾ ಕೈ ಮುಗಿದು ಹೇಳಾಕತ್ತೀನಿ.”

ಪಿಂಕಿ ಮೊದಲ ಬಾರಿ ಅವಳನ್ನು ನೇರವಾಗಿ ನೋಡಿದಳು.

“ಅವತ್ತು ಹೇಳ್ರಿ ಅಂತ ಕೇಳಿದ್ದೆ ಆಂಟಿ. ಬಾ ಅಂದ್ರ ಬರ್ತೀನಿ ಅಂದಿದ್ದೆ. ಆಗ ಹೇಳಲಿಲ್ಲ. ಈಗ ಹೇಳಬ್ಯಾಡ್ರಿ.”

ಫಾರಂ ಒಂದೇ ಪುಟದ್ದು. ಪಿಂಕಿ ಅದನ್ನು ಪೂರ್ತಿ ಓದಿ ಸಹಿ ಮಾಡಿದಳು. ಸಾಕ್ಷಿಯ ಜಾಗಕ್ಕೆ ಬೇರೆ ಯಾರಾದರೂ ಇದ್ದಾರೇನೋ ಎಂದು ಶಿವದೇವಿ ಎದ್ದು ಹೊರಗೆ ನೋಡಿದಳು. ಕಮಲಾಕ್ಷಿ ಊರಲ್ಲಿರಲಿಲ್ಲ. ಮತ್ತೆ ಬಂದು ಕೂತು, ಕೆಳಗೆ ತನ್ನ ಹೆಸರು ಬರೆದಳು. ಪಿಂಕಿಗೆ ಮೂರು ಗಂಟೆಯ ಬಸ್ಸಿತ್ತು.